ಮೂರು ತಿಂಗಳು ನಿಕೋಟಿನ್ ಗಮ್ ಅಗಿದೆ: ಒಬ್ಬ ಅರೆತಲೆನೋವಿನವನ ರಿವ್ಯೂ

ಹೊಗೆಯಿಲ್ಲದೆ ಸ್ವಲ್ಪ ನಿಕೋಟಿನ್ ಕೊಟ್ಟು ಸಿಗರೇಟು ಬಿಡಿಸುವ ಈ ಗಮ್ಮಿಗೆ ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಮೊದಲ ವಾರ ಕೇಳಿದ್ದರೆ ಒಂದೂ ಕೊಡುತ್ತಿರಲಿಲ್ಲ. ಆ ವಾರದ ತಪ್ಪು ಗಮ್ಮಿನದಲ್ಲ. ಅರ್ಧ ನನ್ನದು, ಅರ್ಧ ಅದನ್ನು ಮಾರಿದ ಮೆಡಿಕಲ್ ಶಾಪಿನವನದು.

ನಾನು ದಾವಣಗೆರೆ ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಮೆಕ್ಕೆಜೋಳದ ಸೀಸನ್ ಬಂತೆಂದರೆ ಧೂಳು, ಹಮಾಲರ ಕೂಗು, ಲಾರಿ ಹಾರ್ನು, ಮಧ್ಯಾಹ್ನದ ಊಟ ಮೂರೂವರೆಗೆ. ಇದರ ನಡುವೆ ದಿನಕ್ಕೆ ಹನ್ನೆರಡು ಹದಿಮೂರು ಸಿಗರೇಟು, ಒಂದೊಂದರ ಜೊತೆಗೂ ಅರ್ಧ ಲೋಟ ಟೀ. ತಿಂಗಳಿಗೆ ಐದಾರು ಸಲ ಅರೆತಲೆನೋವು. ಬಂತೆಂದರೆ ಶಟರ್ ಅರ್ಧಕ್ಕೆ ಎಳೆದು ಒಳಗೆ ಖಾಲಿ ಚೀಲದ ರಾಶಿ ಮೇಲೆ ಕಣ್ಣು ಮುಚ್ಚಿ ಬಿದ್ದುಕೊಳ್ಳುವುದೇ.

ಯಾವಾಗ ಬರುತ್ತೆ ಅಂತ ಬರೆದಿಡಿ ಎಂದರು ಡಾಕ್ಟರು. ಬರೆಯುವುದು ನಮ್ಮ ಕಸುಬೇ ಅಲ್ವಾ. ಹಳೇ ಖಾತೆ ಪುಸ್ತಕದಲ್ಲಿ ಗೆರೆ ಎಳೆದು ನಿದ್ದೆ, ಊಟ, ಟೀ, ಸಿಗರೇಟು, ನೋವು ಅಂತ ಕಾಲಂ ಮಾಡಿದೆ. ಎರಡು ತಿಂಗಳಾದ ಮೇಲೆ ನೋಡಿದರೆ, ಊಟ ತಪ್ಪಿದ ದಿನ ಹಸಿವು ಅಡಗಿಸೋಕೆ ಅಂತ ಮೂರು ಸಿಗರೇಟು ಒಂದರ ಹಿಂದೆ ಒಂದು ಸೇದಿದ್ದೆನಲ್ಲ, ನೋವಿನ ಕಾಲಂ ತುಂಬಿದ್ದು ಹೆಚ್ಚುಕಡಿಮೆ ಅವೇ ದಿನ. ಮೈಗ್ರೇನ್ ನಿಮಗೆ ಮೊದಲಿಂದ ಇರೋದು, ಸಿಗರೇಟು ಅದನ್ನು ಕೆಣಕುತ್ತೆ ಅಷ್ಟೆ ಎಂದರು ಡಾಕ್ಟರು. ನಿಕೋಟಿನ್ ರಕ್ತನಾಳ ಬಿಗಿ ಮಾಡುತ್ತೆ, ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದು ಕೂರುತ್ತೆ, ಕೆಲವರಿಗೆ ಬರೀ ವಾಸನೆ ಸಾಕು. ನಾನು ನಿಜಕ್ಕೂ ಹೆದರಿದ್ದು ಇನ್ನೊಂದು ಮಾತಿಗೆ. ನೋವಿಗೆ ಮುಂಚೆ ಕಣ್ಣೆದುರು ಮಿಂಚಿದಂತೆ ಅಂಕುಡೊಂಕು ಗೆರೆ ಕಾಣಿಸುವವರಿಗೆ ಪಾರ್ಶ್ವವಾಯುವಿನ ಅಪಾಯ ಮೊದಲೇ ತುಸು ಜಾಸ್ತಿಯಂತೆ, ಸಿಗರೇಟೂ ಸೇರಿದರೆ ಇನ್ನೂ ಜಾಸ್ತಿಯಂತೆ. ನನಗೆ ಆ ಗೆರೆ ಕಾಣಿಸುತ್ತೆ. (ಅದರ ಜೊತೆ ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವ ಹೆಣ್ಣುಮಕ್ಕಳು ಸಿಗರೇಟನ್ನು ಮುಟ್ಟಲೇಬಾರದು, ಮಾತ್ರೆ ಬಗ್ಗೆಯೂ ಡಾಕ್ಟರನ್ನು ಕೇಳಬೇಕು.)

ಸರಿ, ಗಮ್ಮಿನ ವಿಷಯ. ಇದು 2 ಮತ್ತು 4 ಮಿಲಿಗ್ರಾಂ ಅಂತ ಎರಡು ಥರ ಬರುತ್ತೆ. 4ರದ್ದಕ್ಕೆ ಡಾಕ್ಟರ ಚೀಟಿ ಬೇಕು. ನಮ್ಮ ಕಡೆಯ ಒಂದು ಮೆಡಿಕಲ್‌ನಲ್ಲಿ ಏನೂ ಕೇಳದೆ 4ರದ್ದೇ ಕೈಗಿಟ್ಟರು. ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುವವರಿಗೆ ಅದು. ನನ್ನ ಮೊದಲನೆಯದು ಅಂಗಡಿ ಬಾಗಿಲು ತೆಗೆದ ಮೇಲೆ, ಹತ್ತಕ್ಕೆ. ನಾನೋ ಅದನ್ನು ಬಬಲ್ ಗಮ್ ಥರ ಗಬಗಬ ಅಗಿದೆ. ಮೆಣಸು ಜಗಿದ ಹಾಗೆ ಗಂಟಲು ಉರಿಯಿತು, ಬಿಕ್ಕಳಿಕೆ ಹಿಡಿಯಿತು, ಅದರ ಮೇಲೆ ಬಿಸಿ ಟೀ ಬೇರೆ ಇಳಿಸಿದೆ. ದವಡೆ ಆಡುವುದನ್ನು ನೋಡಿ ಸಾಹುಕಾರರು "ಏನಪ್ಪಾ, ಗುಟ್ಕಾ ಶುರು ಮಾಡಿದ್ಯಾ?" ಅಂದರು. ಮೂರನೇ ದಿನ ಎಡಗಣ್ಣಿನ ಹಿಂದೆ ಸಿಡಿತ ಶುರು. ಗಮ್ಮೂ ತಲೆನೋವೇ ತರೋದಾದರೆ ಸಿಗರೇಟು ಏನು ತಪ್ಪು ಮಾಡಿತ್ತು ಅಂತ ಸೀದಾ ಬೀಡಾ ಅಂಗಡಿಗೆ ಹೋಗಿ ಪ್ಯಾಕೇ ತಗೊಂಡೆ.

ಇಷ್ಟು ವರ್ಷ ಬಿಡಿ ಸಿಗರೇಟು ಕೊಂಡವನು, ಪ್ಯಾಕ್ ಮೇಲೆ ಏನಿದೆ ಅಂತ ಓದಿದವನೇ ಅಲ್ಲ. ಆ ಭಯಂಕರ ಚಿತ್ರದ ಹತ್ತಿರ ಒಂದು ನಂಬರ್ ಇತ್ತು, 1800-11-2356. ಸುಮ್ನೆ ಫೋನ್ ಹಚ್ಚಿದೆ. ದುಡ್ಡಿಲ್ಲ, ಫ್ರೀ. ಇದು ಸರ್ಕಾರದ ತಂಬಾಕು ಬಿಡಿಸುವ ಸಹಾಯವಾಣಿ, ನಮ್ಮ ಕಡೆಯ ಭಾಷೆಗಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಕೇಂದ್ರ ಇದೆ. ಕನ್ನಡದಲ್ಲೇ ಮಾತಾಡಿದರು. ಬೈಯಲಿಲ್ಲ, ಕ್ಯಾನ್ಸರ್ ಅಂತ ಹೆದರಿಸಲಿಲ್ಲ, ದಿನದ ಯಾವ ಹೊತ್ತಿಗೆ ಸೇದುತ್ತೀರಿ ಅಂತ ಒಂದೊಂದೇ ಕೇಳಿದರು. ಬಿಡುವ ದಿನ ಒಂದು ಗೊತ್ತು ಮಾಡಿಸಿದರು, ಆಮೇಲೆ ಅವರೇ ಫೋನ್ ಮಾಡಿ ವಿಚಾರಿಸಿದರು. ಇದಕ್ಕೆ ನನ್ನ ಐದಕ್ಕೆ ಐದು.

ಗಮ್ ಅಗಿಯುವ ಕ್ರಮವೂ ಅವರೇ ಹೇಳಿಕೊಟ್ಟದ್ದು. ನಿಧಾನಕ್ಕೆ ನಾಲ್ಕು ಸಲ ಅಗಿ, ನಾಲಿಗೆ ಚುರುಗುಟ್ಟಿದ ಕೂಡಲೇ ನಿಲ್ಲಿಸಿ ಕೆನ್ನೆ ಮತ್ತು ವಸಡಿನ ಮಧ್ಯೆ ಒತ್ತಿಡು. ಚುರುಚುರು ಹೋದ ಮೇಲೆ ಮತ್ತೆ ಅಗಿ. ಹೀಗೆ ಅರ್ಧ ಗಂಟೆ. ನಿಕೋಟಿನ್ ಬಾಯಿಯ ಒಳಪದರದಿಂದ ರಕ್ತಕ್ಕೆ ಹೋಗಬೇಕು, ಜೊಲ್ಲಿನ ಜೊತೆ ನುಂಗಿದರೆ ಹೊಟ್ಟೆ ತೊಳಸುತ್ತೆ, ಬಿಕ್ಕಳಿಕೆ ಬರುತ್ತೆ, ಅಷ್ಟೆ. ಟೀ ಕಾಫಿ ಕುಡಿದ ಹದಿನೈದು ನಿಮಿಷ ಗಮ್ ಬೇಡ, ಅದು ಸರಿಯಾಗಿ ಹಿಡಿಯುವುದಿಲ್ಲ. 2 ಮಿಲಿಗ್ರಾಂ ತಗೊಂಡು ಹೀಗೆ ಮಾಡಿದ ಮೇಲೆ ಗಂಟಲುರಿ ನಿಂತಿತು. ದವಡೆ ನೋವೂ ಹೋಯಿತು. ಅರೆತಲೆನೋವಿನವರು ಇದನ್ನು ಗಮನಿಸಿ, ಬಹಳ ಹೊತ್ತು ಅಗಿದರೆ ಕೆಲವರಿಗೆ ಅದೇ ಒಂದು ತಲೆನೋವು.

ಟೀ ಬಗ್ಗೆ ಡಾಕ್ಟರು ಹೇಳಿದ್ದು ನನಗಂತೂ ಹೊಸದು. ಸಿಗರೇಟಿನ ಹೊಗೆ ಕೆಫೀನನ್ನು ಮೈಯಿಂದ ಬೇಗ ಖಾಲಿ ಮಾಡಿಸುತ್ತಂತೆ. ಸೇದುವುದು ನಿಲ್ಲಿಸಿದರೆ ಅಷ್ಟೇ ಟೀ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತೆ, ಎದೆ ಡವಡವ, ರಾತ್ರಿ ನಿದ್ದೆ ಇಲ್ಲ, ನಿದ್ದೆ ಕೆಟ್ಟರೆ ನೋವು ಬಾಗಿಲಲ್ಲೇ. ಹಾಗಂತ ಒಮ್ಮೆಲೇ ಬಿಟ್ಟರೆ ಅದಕ್ಕೂ ತಲೆ ನೋಯುತ್ತೆ. ನಾನು ಎಂಟು ಹತ್ತು ದಿನದಲ್ಲಿ ಅರ್ಧಕ್ಕೆ ಇಳಿಸಿದೆ. ಮೊದಲ ವಾರ ಬರುವ ತಲೆನೋವು ನಿಕೋಟಿನ್ ಬಿಟ್ಟದ್ದರದ್ದೂ ಇರಬಹುದು, ಅದಕ್ಕೆ ದಿನಾ ನೋವಿನ ಮಾತ್ರೆ ನುಂಗಬೇಡಿ, ಮಾತ್ರೆ ಜಾಸ್ತಿಯಾದರೆ ಅದೇ ತಲೆನೋವು ತರುತ್ತೆ ಅಂತಲೂ ಹೇಳಿದ್ದರು.

ಸೇದಬೇಕು ಅನ್ನಿಸಿದರೆ ಆ ಚಡಪಡಿಕೆ ಐದು ಹತ್ತು ನಿಮಿಷದ್ದು. ಅಂಗಡಿಯಿಂದ ವೇಬ್ರಿಡ್ಜ್‌ಗೆ ಹೋಗಿ ಬಂದರೆ ನನಗೆ ಏಳು ನಿಮಿಷ ಆಗುತ್ತೆ. ಹಾಗಾಗಿ ಈಗ ತೂಕದ ಚೀಟಿ ತರುವ ಕೆಲಸ ಹುಡುಗರಿಗಿಲ್ಲ, ನನ್ನದೇ.

ಒಂದು ಸ್ಟಾರ್ ಕಳೆದದ್ದು ಯಾಕೆಂದರೆ ಗಮ್ ಒಂದರಿಂದಲೇ ಕೆಲಸ ಆಗಲಿಲ್ಲ, ಬಳಸುವ ರೀತಿಯ ಚೀಟಿಯೂ ಇರುವೆ ಅಕ್ಷರದಲ್ಲಿದೆ. ಬೆಲೆ ಬಗ್ಗೆ ತಕರಾರಿಲ್ಲ, ನಾನು ಸೇದುತ್ತಿದ್ದ ಕಿಂಗ್ ಸಿಗರೇಟಿಗಿಂತ ಒಂದು ಗಮ್ ಅಗ್ಗ. ಹನ್ನೆರಡು ವಾರ ಆಯಿತು, ದಿನಕ್ಕೆ ಎಂಟು ಗಮ್ಮಿನಿಂದ ಒಂದಕ್ಕೆ ಬಂದಿದ್ದೇನೆ. ಕಳೆದ ತಿಂಗಳು ನೋವಿನ ಕಾಲಂನಲ್ಲಿ ಎರಡೇ ಗೀಟು. ಊಟ ಹೊತ್ತಿಗೆ ಸರಿಯಾಗಿ ಮಾಡುತ್ತಿದ್ದೇನೆ, ಅದರ ಪಾಲೂ ಇರಬಹುದು. ಸಂಜೆ ಗೆಳೆಯರ ಜೊತೆ ಮಂಡಕ್ಕಿ ಮಿರ್ಚಿ ತಿಂದ ಮೇಲಿನ ಹತ್ತು ನಿಮಿಷ ಮಾತ್ರ ಇವತ್ತಿಗೂ ಕಷ್ಟ. ಉಳಿದ ಆ ಒಂದು ಗಮ್ ಅದಕ್ಕೇ ಇಟ್ಟಿದ್ದೇನೆ.

ತಗೊಳ್ಳುವವರು ಪುದೀನ ರುಚಿಯದ್ದು ತಗೊಳ್ಳಿ. ಪಾನ್ ರುಚಿಯದ್ದೂ ಇದೆ, ಬೇಡ. ಬಾಯಿಗೆ ಹಾಕಿದ ಕೂಡಲೇ ಕಾಲು ತಾನಾಗಿ ಬೀಡಾ ಅಂಗಡಿ ಕಡೆ ತಿರುಗುತ್ತೆ.