40 ಕ್ವಿಂಟಲ್ ಬೇಳೆ ಕೈತಪ್ಪಿಸಿದ ಇಮೇಲ್ ಫಾರ್ವರ್ಡ್

ಕಲಬುರಗಿಯ ನೆಹರು ಗಂಜಿನಲ್ಲಿ ನಮ್ಮ ಕಾಕಾರ ತೊಗರಿ ಬೇಳೆ ವ್ಯಾಪಾರ ಇದೆ. ಲೆಕ್ಕಪತ್ರ, ಕಂಪ್ಯೂಟರ್ ಕೆಲಸ ನನ್ನದು. 2019ರಲ್ಲಿ ಇಲ್ಲಿನ ಬೇಳೆಗೆ ಜಿಐ ಟ್ಯಾಗ್ ಸಿಕ್ಕಿತಲ್ವಾ, ಇನ್ನು ಬಿಲ್ಲಿನ ಮೇಲೆ ಜಿಮೇಲ್ ವಿಳಾಸ ಚೆನ್ನಾಗಿ ಕಾಣಲ್ಲ ಅಂತ ಅಂಗಡಿ ಹೆಸರಲ್ಲೇ ಡೊಮೇನ್, ಅಂದರೆ ಸ್ವಂತ ಇಂಟರ್ನೆಟ್ ವಿಳಾಸ, ತೆಗೆದುಕೊಂಡೆ. ಮೇಲ್‌ಬಾಕ್ಸಿಗೆ ಸುಮ್ನೆ ದುಡ್ಡು ಯಾಕೆ, ಬಂದದ್ದನ್ನೆಲ್ಲ ನನ್ನ ಜಿಮೇಲಿಗೆ ಫಾರ್ವರ್ಡ್ ಮಾಡಿದರಾಯಿತು ಅಂದುಕೊಂಡೆ. ಎರಡು ವರ್ಷ ಎಲ್ಲ ಸರಿಯಾಗಿದೆ ಅಂತಲೇ ತಿಳಿದಿದ್ದೆವು.

ಜನವರಿಯಲ್ಲಿ ಗಂಜಿಗೆ ಹೊಸ ತೊಗರಿ ಬರುವ ಹೊತ್ತು. ವಿಜಯಪುರದ ಒಬ್ಬ ಖರೀದಿದಾರರು ಕಾಕಾರಿಗೆ ಫೋನ್ ಮಾಡಿದರು. "ಮೂರು ಸಲ ಮೇಲ್ ಹಾಕೀನ್ರಿ, ಮೂರೂ ವಾಪಸ್ ಬಂದಾವ. ಅಂಗಡಿ ಬಂದ್ ಮಾಡೀರೇನು?" ಅಷ್ಟರಲ್ಲಿ ಅವರು 40 ಕ್ವಿಂಟಲ್ ಬೇರೆ ಕಡೆ ಮಾತಾಡಿ ಮುಗಿಸಿದ್ದರು. ನಾನು ಹುಡುಕಿದರೆ ಇನ್‌ಬಾಕ್ಸಿನಲ್ಲೂ ಇಲ್ಲ, ಸ್ಪ್ಯಾಮಿನಲ್ಲೂ ಇಲ್ಲ.

ಅವರಿಗೆ ವಾಪಸ್ ಹೋದ ಇಮೇಲಿನ ಫೋಟೋವನ್ನು ವಾಟ್ಸ್ಆ್ಯಪಿನಲ್ಲಿ ತರಿಸಿಕೊಂಡೆ. ಜಿಮೇಲ್ ಮೇಲನ್ನು ತಿರಸ್ಕರಿಸಿದೆ ಅನ್ನುವ 550 5.7.26 ನಂಬರು, ಅದರ ಜೊತೆ ನನ್ನ ಖಾಸಗಿ ಜಿಮೇಲ್ ವಿಳಾಸ. ಬಿಲ್ಲಿನ ಮೇಲೆ ಕಾಣಬಾರದು ಅಂದುಕೊಂಡಿದ್ದ ವಿಳಾಸವೇ ಗಿರಾಕಿಯ ಫೋನಿನಲ್ಲಿತ್ತು!

ಆಗಿದ್ದು ಇಷ್ಟು. ಅವರ ಮೇಲ್ ಮೊದಲು ನಮ್ಮ ಫಾರ್ವರ್ಡ್ ಸರ್ವರಿಗೆ ಬಂದು, ಅಲ್ಲಿಂದ ಜಿಮೇಲಿಗೆ ಹೊರಡುತ್ತದೆ. ಒಂದು ಡೊಮೇನಿನ ಹೆಸರಲ್ಲಿ ಯಾವ ಸರ್ವರು ಮೇಲ್ ಕಳಿಸಬಹುದು ಅನ್ನುವ ಪಟ್ಟಿಗೆ ಎಸ್‌ಪಿಎಫ್ ಅನ್ನುತ್ತಾರೆ. ಅವರ ಪಟ್ಟಿಯಲ್ಲಿ ನಮ್ಮ ಸರ್ವರು ಯಾಕಿರುತ್ತದೆ? ಮೇಲಿಗೆ ಡಿಕಿಮ್, ಅಂದರೆ ಕಳಿಸುವ ಡೊಮೇನಿನ ಡಿಜಿಟಲ್ ಸಹಿ, ಇದ್ದಿದ್ದರೆ ಬಚಾವಾಗುತ್ತಿತ್ತು. ದಾರಿಯಲ್ಲಿ ಯಾರೂ ಅಕ್ಷರ ತಿದ್ದದಿದ್ದರೆ ಆ ಸಹಿ ಫಾರ್ವರ್ಡ್ ಆದರೂ ಉಳಿಯುತ್ತದೆ. ಅವರ ಮೇಲಿಗೆ ಸಹಿಯೇ ಇರಲಿಲ್ಲ. ಇಂಥ ಪರೀಕ್ಷೆ ಪಾಸಾಗದ ಮೇಲನ್ನು ಏನು ಮಾಡಬೇಕು ಅಂತ ಡೊಮೇನಿನವರು ಬರೆದಿಡುವ ನಿಯಮಕ್ಕೆ ಡಿಮಾರ್ಕ್ ಅನ್ನುತ್ತಾರೆ. ಸಾಲದ್ದಕ್ಕೆ ಅವರದರಲ್ಲಿ ತಿರಸ್ಕರಿಸಿ ಅಂತ ಇತ್ತು. ಜಿಮೇಲ್ ಹಾಗೇ ಮಾಡಿತು. ಫಾರ್ವರ್ಡ್ ಮಾಡುವಾಗ ಕಳಿಸಿದವರ ವಿಳಾಸ ಬದಲಿಸುವ ಎಸ್‌ಆರ್‌ಎಸ್ ಹಾಕಿದರೆ ಸರಿಹೋಗುತ್ತದೆ ಅಂತ ನಮ್ಮ ಸರ್ವರ್ ನಡೆಸುವ ಹೋಸ್ಟಿಂಗಿನವರು ಸಮಾಧಾನ ಹೇಳಿದರು. ಅದು ಬದಲಿಸುವುದು ಲಕೋಟೆ ಮೇಲಿನ ವಿಳಾಸವನ್ನು ಮಾತ್ರ. ಡಿಮಾರ್ಕ್ ನೋಡುವುದು ಒಳಗಿನ 'ಫ್ರಮ್' ವಿಳಾಸವನ್ನು, ಹಾಗಾಗಿ ಅದರಿಂದ ಇಲ್ಲಿ ಉಪಯೋಗವಿಲ್ಲ.

ನನ್ನ ತಪ್ಪೂ ಇತ್ತು. ಯಾವ ಹೆಸರಿಗೆ ಬರೆದರೂ ಬರಲಿ ಅಂತ ಕ್ಯಾಚ್-ಆಲ್ ಹಾಕಿದ್ದೆ. ಕಸವೆಲ್ಲ ಬರತೊಡಗಿತು. ದಿನಾ ಬೆಳಿಗ್ಗೆ ಚಹಾ ಕುಡಿಯುತ್ತಾ ಒಂದೊಂದಕ್ಕೂ 'ಸ್ಪ್ಯಾಮ್' ಒತ್ತುತ್ತಿದ್ದೆ. ಜಿಮೇಲಿಗೆ ಆ ಕಸ ತಂದು ಹಾಕುತ್ತಿದ್ದದ್ದು ನಮ್ಮದೇ ಸರ್ವರು. ಅಂದರೆ ದಿನಾ ನಮ್ಮ ಮೇಲೇ ದೂರು ಕೊಡುತ್ತಿದ್ದೆ!

ಉತ್ತರವೂ ಜಿಮೇಲ್ ವಿಳಾಸದಿಂದಲೇ ಹೋಗುತ್ತಿತ್ತು. ಒಮ್ಮೆ ಬ್ಯಾಂಕ್ ಖಾತೆ ನಂಬರು ಕಳಿಸಿದಾಗ, ಇದು ಮೋಸ ಇರಬೇಕು ಅಂತ ಗಿರಾಕಿಯೊಬ್ಬರು ಕಾಕಾರನ್ನು ಕೇಳಿದ್ದರು. ಅವರು ಮಾಡಿದ್ದೇ ಸರಿ.

ಈಗ ಡೊಮೇನಿಗೇ ಮೇಲ್‌ಬಾಕ್ಸ್ ಇದೆ. ಫೋನಿನ ಮೇಲ್ ಆ್ಯಪಿನಲ್ಲಿ ಐಮ್ಯಾಪ್ (ಸರ್ವರಿನಲ್ಲಿರುವ ಮೇಲನ್ನು ಅಲ್ಲಿಂದಲೇ ಓದುವ ವಿಧಾನ) ಮೂಲಕ ನೇರ ತೆರೆಯುತ್ತೇವೆ, ಉತ್ತರವೂ ಅದರಿಂದಲೇ. ಕ್ಯಾಚ್-ಆಲ್ ತೆಗೆದೆ. ಫಾರ್ವರ್ಡೇ ಬೇಕು ಅನ್ನುವವರು ಮೂಲ ಸರ್ವರಿನಲ್ಲಿ ಒಂದು ಪ್ರತಿ ಉಳಿಯುವಂತೆ ಮಾಡಿಕೊಳ್ಳಿ, ವಾರಕ್ಕೊಮ್ಮೆ ಹೋಗಿ ನೋಡಿ. ಇನ್ನೊಂದು, ಡೊಮೇನ್ ನೋಂದಣಿಗೆ ಅದೇ ಡೊಮೇನಿನ ವಿಳಾಸ ಕೊಡಬೇಡಿ. ಅವಧಿ ಮುಗಿದು ಬೇರೆಯವರು ಕೊಂಡರೆ ನಿಮ್ಮ ಪಾಸ್‌ವರ್ಡ್ ಬದಲಿಸುವ ಲಿಂಕ್ ಕೂಡ ಅವರ ಕೈಗೇ ಹೋಗುತ್ತದೆ.

ಕಾಕಾ ಮಾತ್ರ ಈಗ ಯಾವ ಮೇಲನ್ನೂ ನಂಬುವುದಿಲ್ಲ. ರೇಟ್ ಕಳಿಸಿದ ಕೂಡಲೇ "ಮೇಲ್ ಬಂತೇನ್ರಿ?" ಅಂತ ಫೋನ್ ಹಚ್ಚುತ್ತಾರೆ. ವಿಜಯಪುರದವರು ಮೊನ್ನೆ 5 ಕ್ವಿಂಟಲ್ ಕೇಳಿದರು, ಅದೂ ಫೋನಿನಲ್ಲಿ.