ಹಳೇ ಡೆಕ್‌ಗೆ ಗರಗಸ ಹಾಕಿಸುವ ಮುಂಚೆ ಅದು ಯಾವ ಮರ ಅಂತ ಕೇಳಿ

ಅಮೆರಿಕದಲ್ಲಿ ಹಳೇ ಮನೆ ಕೊಂಡು, ಮನೆ ಹಿಂದಿನ ಡೆಕ್ (ಮರದ ಹಲಗೆಯ ಜಗಲಿ) ರಿಪೇರಿ ಮಾಡಿಸಿ, ಅದರ ಪಕ್ಕದಲ್ಲೇ ನಾಲ್ಕು ಪಾತಿ ತರಕಾರಿ ಹಾಕೋಣ ಅಂದುಕೊಂಡಿರುವ ಕನ್ನಡದವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಿಮ್ಮ ಡೆಕ್ 2004ಕ್ಕಿಂತ ಮುಂಚಿನದಾಗಿದ್ದು, ಸೀಡರ್ ಅಥವಾ ರೆಡ್‌ವುಡ್ ಅಲ್ಲದ ‘ಪ್ರೆಶರ್ ಟ್ರೀಟೆಡ್’ (ಕೊಳೆಯದಂತೆ ಮದ್ದು ಉಣಿಸಿದ) ಮರದ್ದಾಗಿದ್ದರೆ, ಅದರೊಳಗೆ ಆರ್ಸೆನಿಕ್ ಎಂಬ ವಿಷ ಇರುವ ಸಾಧ್ಯತೆ ತುಂಬಾ ಹೆಚ್ಚು. ಆ ಹಲಗೆಗಳನ್ನು ನಿಮ್ಮ ಹಿತ್ತಲಲ್ಲೇ ಕೊಯ್ದರೆ, ಸ್ಯಾಂಡರ್ ಹಿಡಿದು ಉಜ್ಜಿದರೆ, ಆ ಪುಡಿ ಹೋಗಿ ಸೇರುವುದು ನೀವು ಮೆಂತ್ಯ ಬಿತ್ತಬೇಕೆಂದಿರುವ ಮಣ್ಣಿಗೆ. ನಮ್ಮ ಮನೆಯಲ್ಲಿ ಆಗಿದ್ದು ಅದೇ.

ನಮ್ಮದು ನ್ಯೂಜೆರ್ಸಿಯ ಮಧ್ಯಭಾಗದಲ್ಲಿರುವ 1960ರ ದಶಕದ ಮನೆ. ಡೆಕ್ ಆಮೇಲೆ, ಎಂಬತ್ತರ ದಶಕದ ಕೊನೆಗೆ ಸೇರಿಸಿದ್ದು ಅಂತ ಹಿಂದಿನ ಮಾಲೀಕರು ಬಿಟ್ಟುಹೋದ ಕಾಗದಗಳಿಂದ ಗೊತ್ತಿತ್ತು. ಹಲಗೆಗಳು ಬೂದುಬಣ್ಣಕ್ಕೆ ತಿರುಗಿದ್ದವು, ಒಂದೆರಡು ಕಡೆ ಕಾಲಿಟ್ಟರೆ ಮೆತ್ತಗೆ ಕುಸಿಯುತ್ತಿದ್ದವು, ಕಟಾಂಜನ ಅಲ್ಲಾಡುತ್ತಿತ್ತು. ಡೆಕ್‌ನ ದಕ್ಷಿಣಕ್ಕೆ ದಿನವಿಡೀ ಬಿಸಿಲು ಬೀಳುವ ಒಳ್ಳೇ ಜಾಗ ಇದೆ. ನಮ್ಮತ್ತೆ ತೀರ್ಥಹಳ್ಳಿ ಕಡೆಯವರು, ಬೇಸಿಗೆಗೆ ಬಂದಾಗ ಕೈಕಟ್ಟಿ ಕೂರುವವರಲ್ಲ. ಬಸಳೆಗೆ ಒಂದು ಚಪ್ಪರ, ಬೇಲಿಗೆ ಹೀರೆ ಮತ್ತು ಪಡವಲ, ಮುಂದಿನ ಸಾಲಲ್ಲಿ ಹರಿವೆ, ಕೊತ್ತಂಬರಿ, ಕುಂಡದಲ್ಲಿ ಕರಿಬೇವು ಅಂತ ಅವರೇ ಗೆರೆ ಎಳೆದು ಕೊಟ್ಟಿದ್ದರು. ಇಲ್ಲಿ ಮೇ ತಿಂಗಳ ಮಧ್ಯದವರೆಗೂ ಇಬ್ಬನಿ ಹೆಪ್ಪುಗಟ್ಟುವ ಭಯ ಇರುತ್ತದೆ. ಅಷ್ಟರೊಳಗೆ ಡೆಕ್ ಮುಗಿಸಿ, ಆಮೇಲೆ ಸಸಿ ನೆಡುವುದು ಅಂತ ಲೆಕ್ಕ.

ಕಾಂಟ್ರ್ಯಾಕ್ಟರ್ ಬಂದು ನೋಡಿದಾಗ ನಾವು ಕೇಳಬೇಕಾದ್ದನ್ನೆಲ್ಲ ಕೇಳಿದೆವು. ಇದು ಯಾವ ಮರ? “ಮಾಮೂಲಿ ಪ್ರೆಶರ್ ಟ್ರೀಟೆಡ್, ಏನೂ ಯೋಚನೆ ಬೇಡ.” ಪಕ್ಕದಲ್ಲಿ ತರಕಾರಿ ಬೆಳೆಯಬೇಕು, ಪರವಾಗಿಲ್ಲವಾ? “ಎಲ್ಲರೂ ಬೆಳೆಯುತ್ತಾರೆ.” ಟೌನ್‌ಶಿಪ್‌ನಿಂದ ಪರ್ಮಿಟ್ ಬೇಕಾ? “ಬರೀ ಹಲಗೆ ಬದಲಾಯಿಸೋದಕ್ಕೆ ಪರ್ಮಿಟ್ ಯಾಕೆ, ಕೆಳಗಿನ ಚೌಕಟ್ಟು ಗಟ್ಟಿಯಾಗಿದೆ.” ಕೆಳಗೆ ಬಗ್ಗಿ ನೋಡದೆಯೇ ಆತ ಈ ಮಾತು ಹೇಳಿದ್ದು. ಮೂರಕ್ಕೆ ಮೂರೂ ಉತ್ತರ ಸುಳ್ಳಾದವು. ನಿಮಗೂ ಇದೇ ಧಾಟಿಯಲ್ಲಿ ಉತ್ತರ ಬಂದರೆ ಅಲ್ಲಿಗೇ ನಿಲ್ಲಿಸಿ ಅಂತ ಕೈಮುಗಿದು ಕೇಳಿಕೊಳ್ಳುತ್ತೇನೆ.

ಕೆಲಸದವರು ಮೊದಲು ಬ್ಲೀಚ್ ಇರುವ ಡೆಕ್ ಕ್ಲೀನರ್ ಹಾಕಿ ಜೋರು ನೀರಿನ ಮೆಷಿನ್‌ನಿಂದ ತೊಳೆದರು. ಆ ನೀರೆಲ್ಲ ಪಾತಿಯ ಜಾಗಕ್ಕೇ ಹರಿಯಿತು. ಉಳಿಸಿಕೊಳ್ಳುವ ಕಂಬಗಳನ್ನು ಸ್ಯಾಂಡರ್‌ನಿಂದ ಉಜ್ಜಿದರು. ಕಿತ್ತ ಹಲಗೆಗಳನ್ನು ಟ್ರಕ್‌ಗೆ ಹಿಡಿಸುವಂತೆ ತುಂಡು ಮಾಡಲು ಗರಗಸದ ಮೇಜು ಹಾಕಿಕೊಂಡಿದ್ದು ಸರಿಯಾಗಿ ನಮ್ಮತ್ತೆ ಗೂಟ ಹೊಡೆದು ಗುರುತು ಮಾಡಿದ್ದ ಜಾಗದಲ್ಲಿ. ಕೆಳಗೆ ಏನೂ ಹಾಸಿರಲಿಲ್ಲ. ಸಂಜೆಯ ಹೊತ್ತಿಗೆ ಹುಲ್ಲಿನ ಮೇಲೆ ತೆಳುವಾಗಿ ಹಳದಿ-ಹಸಿರು ಪುಡಿ ಕೂತಿತ್ತು. “ಸಣ್ಣ ಚೂರುಗಳನ್ನು ಇಲ್ಲೇ ಬಿಡುತ್ತೇವೆ, ಫೈರ್ ಪಿಟ್‌ಗೆ ಚೆನ್ನಾಗಿ ಉರಿಯುತ್ತೆ, ಪುಡಿ ಗಿಡದ ಬುಡಕ್ಕೆ ಮಲ್ಚ್ ಆಗುತ್ತೆ” ಅಂತ ಉಪಕಾರ ಮಾಡುವ ಹಾಗೆ ಹೇಳಿ ಹೋದರು.

ಪಕ್ಕದ ಮನೆಯ ಹಿರಿಯರೊಬ್ಬರು ಹಿಂದೆ ಮರದ ಮಂಡಿಯಲ್ಲಿ ಕೆಲಸ ಮಾಡಿದವರು. ಅವರು ಬೇಲಿಯ ಹತ್ತಿರ ಬಂದು, “ಆ ತುಂಡುಗಳನ್ನು ಬೆಂಕಿಗೆ ಮಾತ್ರ ಹಾಕಬೇಡಿ. ಹೊಗೆಯೂ ವಿಷ, ಬೂದಿಯೂ ವಿಷ” ಅಂದರು. ಅವರು ಅವತ್ತು ಬಾಯಿಬಿಟ್ಟು ಹೇಳದೇ ಹೋಗಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಂಡರೆ ಈಗಲೂ ಹೊಟ್ಟೆ ಕಲಕುತ್ತದೆ. ಹುಳ ಬಿದ್ದ ಸೊಪ್ಪಿಗೆ ಬೂದಿ ಎರಚುವುದು ನಮ್ಮ ಕಡೆಯ ರೂಢಿ. ಈ ಮರ ಸುಟ್ಟರೆ ಅದರ ಆರ್ಸೆನಿಕ್ ಬಹುಪಾಲು ಬೂದಿಯಲ್ಲೇ ಉಳಿಯುತ್ತದೆ. ಅದನ್ನೇ ಬಸಳೆಗೆ ಎರಚಿ, ಅದೇ ಬಸಳೆಯ ಹುಳಿ ಮಾಡಿ ಮಕ್ಕಳಿಗೆ ಬಡಿಸುತ್ತಿದ್ದೆವು.

ಆ ಮರದ ವಿಷಯ ಇಷ್ಟು. ಗೆದ್ದಲು, ಶಿಲೀಂಧ್ರ ಹತ್ತದಂತೆ ಮರಕ್ಕೆ ಒತ್ತಡದಲ್ಲಿ ಒಂದು ದ್ರಾವಣ ಉಣಿಸುತ್ತಿದ್ದರು. ಅದರಲ್ಲಿ ಕ್ರೋಮಿಯಂ, ತಾಮ್ರ, ಆರ್ಸೆನಿಕ್ ಮೂರೂ ಇರುತ್ತವೆ, ಇಂಗ್ಲಿಷ್ ಮೊದಲಕ್ಷರಗಳಲ್ಲಿ ಸಿಸಿಎ ಅನ್ನುತ್ತಾರೆ. ಇದನ್ನು 1930ರ ದಶಕದಲ್ಲಿ ಕಂಡುಹಿಡಿದವರು ಭಾರತದವರೇ ಆದ ಸೊಂಟಿ ಕಾಮೇಶಂ. ಕಂಬಕ್ಕೆ, ರೈಲಿನ ಸ್ಲೀಪರ್‌ಗೆ ಬಹಳ ಒಳ್ಳೆಯ ಮದ್ದು. ಆದರೆ ಅಮೆರಿಕದಲ್ಲಿ ಎಪ್ಪತ್ತರ ದಶಕದಿಂದ ಮನೆಮನೆಯ ಡೆಕ್, ಮಕ್ಕಳ ಉಯ್ಯಾಲೆಯ ಚೌಕಟ್ಟು, ತೋಟದ ಪಾತಿಯ ಅಂಚು ಎಲ್ಲಕ್ಕೂ ಇದೇ ಮರ ಬಂತು. ಕೊನೆಗೆ 2002ರಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಮತ್ತು ಮರದ ಉದ್ಯಮದವರ ನಡುವೆ ಒಪ್ಪಂದವಾಗಿ, 2003ರ ಡಿಸೆಂಬರ್ 31ರ ನಂತರ ಮನೆ ಬಳಕೆಯ ಬಹುತೇಕ ಮರಕ್ಕೆ ಈ ದ್ರಾವಣ ಉಣಿಸುವುದು ನಿಂತಿತು. ಆಗಲೇ ಕಟ್ಟಿದ್ದ ಡೆಕ್‌ಗಳನ್ನು ಕೀಳಿ ಅಂತ ಯಾರೂ ಹೇಳಲಿಲ್ಲ. ಹಾಗಾಗಿ ಅವು ಇನ್ನೂ ನಿಂತಿವೆ, ಮತ್ತು ಈಗ ಹಲಗೆ ಲಡ್ಡಾಗಿ ರಿಪೇರಿಗೆ ಬರುತ್ತಿರುವುದು ಅವೇ.

ನೋಡಿದ ಮಾತ್ರಕ್ಕೆ ಗುರುತು ಸಿಗುವುದಿಲ್ಲ. ಹೊಸದರಲ್ಲಿ ಹಸಿರು ಛಾಯೆ ಇರುತ್ತದೆ, ಕೆಲವು ವರ್ಷದಲ್ಲಿ ಎಲ್ಲವೂ ಬೂದುಬಣ್ಣ. ಹಲಗೆಯ ತುದಿಗೆ ಹೊಡೆದ ಚೀಟಿ ಉಳಿದಿದ್ದರೆ ಅದೃಷ್ಟ. ಇಲ್ಲದಿದ್ದರೆ ಡೆಕ್ ಕಟ್ಟಿದ ವರ್ಷ ಹುಡುಕಿ. ಟೌನ್‌ಶಿಪ್ ಕಚೇರಿಯಲ್ಲಿ ಹಳೇ ಪರ್ಮಿಟ್ ಸಿಗಬಹುದು. ಒಂದು ಸಣ್ಣ ಚೂರನ್ನು ಲ್ಯಾಬ್‌ಗೆ ಕಳಿಸಿದರೆ ಸಂಶಯವೇ ಉಳಿಯುವುದಿಲ್ಲ.

ಬ್ಲೀಚ್ ಹಾಕಿ ತೊಳೆದದ್ದು ಪುಡಿಯಷ್ಟೇ ಕೆಟ್ಟ ಕೆಲಸ ಅಂತ ನನಗೆ ಆಮೇಲೆ ಗೊತ್ತಾಯಿತು. ಈ ಮರದೊಳಗಿನ ಕ್ರೋಮಿಯಂ ಹೆಚ್ಚು ಅಪಾಯವಿಲ್ಲದ ರೂಪದಲ್ಲಿ ಕೂತಿರುತ್ತದೆ. ಬ್ಲೀಚ್‌ನಂಥ ವಸ್ತು ಅದನ್ನು ವಿಷಕಾರಿ ರೂಪಕ್ಕೆ ತಿರುಗಿಸಬಲ್ಲದು. ಇಂಥ ಡೆಕ್‌ಗೆ ಬೇಕಾದ್ದು ಬರೀ ಸೋಪಿನ ನೀರು, ಮೆತ್ತನೆ ಬ್ರಷ್, ಮತ್ತೆ ವರ್ಷಕ್ಕೊಮ್ಮೆಯಾದರೂ ಮರದೊಳಗೆ ಇಳಿಯುವ ಎಣ್ಣೆಯ ಸ್ಟೇನ್ ಎಂಬ ಲೇಪ. ಹಾಗೆ ಮುಚ್ಚಿಟ್ಟರೆ ಆರ್ಸೆನಿಕ್ ಹೊರಬರುವುದು ಕಡಿಮೆಯಾಗುತ್ತದೆ. ಚೌಕಟ್ಟು ಗಟ್ಟಿಯಿದ್ದು ಕೀಳುವ ಅಗತ್ಯವೇ ಇಲ್ಲದಿದ್ದರೆ ಸುಮ್ಮನೆ ಸ್ಟೇನ್ ಹೊಡೆದು ಬಿಡುವುದೂ ಒಂದು ಒಳ್ಳೇ ದಾರಿ. ಇನ್ನೊಂದು ಮಾತು, ಇದನ್ನು ನಮ್ಮವರಿಗೇ ಹೇಳಬೇಕು: ಬೇಸಿಗೆ ಬಂತೆಂದರೆ ಸಂಡಿಗೆ, ಹಪ್ಪಳ, ಬಾಳಕದ ಮೆಣಸಿನಕಾಯಿ ಎಲ್ಲವನ್ನೂ ಡೆಕ್ ಮೇಲೆ ಒಣಗಿಸುತ್ತೇವೆ. ತೆಳು ಬಟ್ಟೆ ಹಾಸಿದರೆ ಸಾಲದು. ಮೇಜು ಹಾಕಿ ಅದರ ಮೇಲೆ ತಟ್ಟೆಯಲ್ಲಿ ಒಣಗಿಸಿ. ಅಂಬೆಗಾಲಿಡುವ ಮಕ್ಕಳಿದ್ದರೆ ಡೆಕ್‌ನಿಂದ ಒಳಗೆ ಬಂದ ಕೂಡಲೇ ಕೈ ತೊಳೆಸಿ.

ನಾವು ಕೆಲಸ ನಿಲ್ಲಿಸಿ ಮಣ್ಣು ಪರೀಕ್ಷೆಗೆ ಕಳಿಸಿದೆವು. ಇಲ್ಲಿ ಒಂದು ವಿಷಯ ಗಮನದಲ್ಲಿಡಿ: ತೋಟದವರಿಗೆ ಮಾಡುವ ಸಾಧಾರಣ ಮಣ್ಣಿನ ಪರೀಕ್ಷೆಯಲ್ಲಿ ಹುಳಿ-ಕ್ಷಾರದ ಮಟ್ಟ, ರಂಜಕ, ಪೊಟ್ಯಾಶಿಯಂ ನೋಡುತ್ತಾರೆ. ಆರ್ಸೆನಿಕ್ ಮತ್ತು ಸೀಸ ಬೇಕೆಂದು ಬೇರೆಯಾಗಿ ಕೇಳಬೇಕು. ಸೀಸ ಯಾಕೆಂದರೆ, 1978ಕ್ಕಿಂತ ಹಳೆಯ ಮನೆಗಳ ಹೊರಗೋಡೆಗೆ ಸೀಸದ ಬಣ್ಣ ಹೊಡೆದಿರಬಹುದು, ಅದು ಉದುರಿ ಗೋಡೆಯ ಬುಡದ ಮಣ್ಣಲ್ಲಿ ಸೇರಿರುತ್ತದೆ. ಹಿತ್ತಲ ಮಣ್ಣನ್ನೆಲ್ಲ ಒಟ್ಟಿಗೆ ಕಲಸಿ ಒಂದೇ ಚೀಲ ಕಳಿಸಬೇಡಿ. ಡೆಕ್‌ನ ಕೆಳಗಿನದು, ನೀರು ತೊಟ್ಟಿಕ್ಕುವ ಅಂಚಿನದು, ಗರಗಸ ಇಟ್ಟ ಜಾಗದ್ದು, ದೂರದ ಮೂಲೆಯದು ಬೇರೆಬೇರೆ ಕಳಿಸಿ. ನ್ಯೂಜೆರ್ಸಿಯಲ್ಲಿ ವಾಸದ ಜಾಗದ ಮಣ್ಣಿಗೆ ಆರ್ಸೆನಿಕ್ ಮಿತಿ ಕಿಲೋಗೆ 19 ಮಿಲಿಗ್ರಾಂ. ನಮ್ಮ ದೂರದ ಮೂಲೆ ಅದಕ್ಕಿಂತ ಎಷ್ಟೋ ಕಡಿಮೆ ಇತ್ತು. ಡೆಕ್‌ನ ಅಂಚೂ, ಗರಗಸ ಇಟ್ಟ ಜಾಗವೂ ಮಿತಿ ಮೀರಿದ್ದವು.

ಸಮಾಧಾನದ ಸಂಗತಿ ಅಂದರೆ ಆರ್ಸೆನಿಕ್ ಮಣ್ಣಲ್ಲಿ ದೂರ ಓಡುವುದಿಲ್ಲ, ಹೆಚ್ಚಾಗಿ ಮೇಲ್ಪದರದಲ್ಲೇ ಅಂಟಿಕೊಂಡಿರುತ್ತದೆ. ಪುಡಿ ಕೂತಿದ್ದ ಮೇಲ್ಮಣ್ಣನ್ನು ಒದ್ದೆ ಮಾಡಿ, ಮಾಸ್ಕ್, ಗ್ಲೌಸ್ ಹಾಕಿದವರಿಂದ ತೆಗೆಸಿದೆವು. ಅದಕ್ಕೆ ತೆತ್ತ ಹಣದಲ್ಲಿ ಹೊಸ ಹಲಗೆಗಳು ಬರುತ್ತಿದ್ದವು. ಹಳೇ ಮರವನ್ನು ಕೌಂಟಿಯವರನ್ನು ಕೇಳಿ ಅವರು ಹೇಳಿದ ಕಸದ ಭೂಭರ್ತಿಗೇ ಕಳಿಸಿದೆವು. ಮರದ ಚಿಪ್ಪರ್‌ಗೆ, ಮಲ್ಚ್ ರಾಶಿಗೆ ಇದು ಹೋಗಲೇಬಾರದು. ಹಳೇ ಹಲಗೆಯಿಂದಲೇ ಪಾತಿಯ ಅಂಚು ಕಟ್ಟಿದರೆ ದುಡ್ಡು ಉಳಿಯುತ್ತದೆ ಅಂತ ಯಾರಾದರೂ ಹೇಳಿದರೆ ಖಂಡಿತ ಕೇಳಬೇಡಿ.

ತೋಟ ಈಗ ದೂರದ ಮೂಲೆಯಲ್ಲಿದೆ. ಕೆಳಗೆ ಬಟ್ಟೆ ಹಾಸಿ, ಟ್ರೀಟ್ ಮಾಡದ ಸೀಡರ್ ಹಲಗೆಯ ಎತ್ತರದ ಮಡಿ ಕಟ್ಟಿ, ಹೊಸ ಮಣ್ಣು ತುಂಬಿದ್ದೇವೆ. ಸಂಶಯದ ಮಣ್ಣಿರುವವರಿಗೆ ಇದು ತಿಳಿದಿರಲಿ: ಸೊಪ್ಪು ಮತ್ತು ಗಡ್ಡೆಗಳು ಇಂಥ ವಿಷವನ್ನು ಕಾಯಿಗಳಿಗಿಂತ ಹೆಚ್ಚು ಹೊತ್ತುಕೊಳ್ಳುತ್ತವೆ. ಬೇರಿಂದ ಎಳೆದುಕೊಳ್ಳುವುದು ಒಂದಾದರೆ, ಮಳೆಹನಿಗೆ ಸಿಡಿದ ಮಣ್ಣು ಎಲೆಗೆ ಅಂಟುವುದು ಇನ್ನೊಂದು. ನಾವು ಬೆಳೆಯುವುದೇ ಹರಿವೆ, ಪಾಲಕ್, ಮೆಂತ್ಯ, ಮೂಲಂಗಿ. ಆದ್ದರಿಂದ ಡೆಕ್ ಪಕ್ಕ ಹೂವಿನ ಗಿಡ, ಪೊದೆ ಇರಲಿ, ಸೊಪ್ಪು ದೂರವಿರಲಿ. ರಂಜಕದ ಗೊಬ್ಬರವನ್ನೂ ಅಲ್ಲಿ ಸುರಿಯಬೇಡಿ, ಅದು ಮಣ್ಣಿಗಂಟಿದ ಆರ್ಸೆನಿಕ್ ಅನ್ನು ಬಿಡಿಸಿಬಿಡುತ್ತದೆ.

ಇನ್ನು ಚೌಕಟ್ಟಿನ ಕಥೆ. ಟೌನ್‌ಶಿಪ್ ಇನ್‌ಸ್ಪೆಕ್ಟರ್ ಬಂದು ಟಾರ್ಚ್ ಹಾಕಿ ನೋಡಿದಾಗ ಮೇಲೆ ಥಳುಕು, ಒಳಗೆ ಹುಳುಕು ಅನ್ನುವುದು ಕಣ್ಣಿಗೇ ಕಂಡಿತು. ಡೆಕ್ಕನ್ನು ಮನೆಗೆ ಹಿಡಿದಿಡುವ ಅಡ್ಡತೊಲೆಗೆ ಲೆಡ್ಜರ್ ಅನ್ನುತ್ತಾರೆ. ನಮ್ಮದನ್ನು ಬರೀ ಮೊಳೆಯಲ್ಲಿ ಹೊಡೆದಿದ್ದರು, ಬೋಲ್ಟ್ ಇರಲಿಲ್ಲ, ನೀರು ಒಳನುಗ್ಗದಂತೆ ಹಾಕುವ ಫ್ಲ್ಯಾಶಿಂಗ್ ತಗಡು ಇರಲಿಲ್ಲ. ಅದರ ಹಿಂದಿನ ಮನೆಯ ತೊಲೆ ಕೈಯಲ್ಲಿ ಉದುರುವಷ್ಟು ಕೊಳೆತಿತ್ತು. ಅದರ ಮೇಲೆಯೇ ಹೊಸ ಹಲಗೆ ಹೊದಿಸಲು ಕಾಂಟ್ರ್ಯಾಕ್ಟರ್ ಹೊರಟಿದ್ದ. ಡೆಕ್‌ಗಳು ಕುಸಿಯುವುದು ಹೆಚ್ಚಾಗಿ ಈ ಜೋಡಣೆಯ ಜಾಗದಲ್ಲೇ. 2015ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಒಳಗೊಳಗೇ ಕೊಳೆತಿದ್ದ ಬಾಲ್ಕನಿ ಕಳಚಿ ಆರು ಎಳೆಯ ಜೀವಗಳು ಹೋದವು. ಅಲ್ಲಿಯೂ ಕಾರಣ ಮರದೊಳಗೆ ಇಳಿದ ನೀರು. ಸತ್ಯನಾರಾಯಣ ಪೂಜೆಗೋ ಹುಟ್ಟುಹಬ್ಬಕ್ಕೋ ನಲವತ್ತು ಜನ ಡೆಕ್ ಮೇಲೆ ನಿಲ್ಲುವ ಮನೆಗಳು ನಮ್ಮವು, ದಯವಿಟ್ಟು ಇದನ್ನು ಹಗುರವಾಗಿ ತಗೊಳ್ಳಬೇಡಿ. ಈಗಿನ ಟ್ರೀಟೆಡ್ ಮರದಲ್ಲಿ ಆರ್ಸೆನಿಕ್ ಇಲ್ಲ, ಆದರೆ ತಾಮ್ರ ಜಾಸ್ತಿ. ಅದು ಸಾಧಾರಣ ಮೊಳೆ, ಬ್ರಾಕೆಟ್‌ಗಳನ್ನು ಬೇಗ ತಿನ್ನುತ್ತದೆ. ಹಾಟ್-ಡಿಪ್ ಗ್ಯಾಲ್ವನೈಸ್ಡ್ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಅಂತ ಪಟ್ಟುಹಿಡಿದು ಹಾಕಿಸಿ. ಹೊಸ ಕಂಬಕ್ಕೆ ಗುಂಡಿ ತೋಡುವುದಿದ್ದರೆ, ನೆಲದೊಳಗಿನ ಕೊಳವೆ, ತಂತಿ ಎಲ್ಲಿವೆ ಅಂತ ಗುರುತಿಸಿಕೊಡುವ 811 ಸಂಖ್ಯೆಗೆ ಮೊದಲೇ ಫೋನ್ ಮಾಡಿಸಿ. ಗ್ಯಾಸಿನ ಕೊಳವೆಗೆ ಹಳದಿ, ಕರೆಂಟಿಗೆ ಕೆಂಪು, ನೀರಿಗೆ ನೀಲಿ ಗುರುತು ಪುಕ್ಕಟೆ ಹಾಕಿಕೊಡುತ್ತಾರೆ.

ಕೊಟ್ಟ ಮುಂಗಡದಲ್ಲಿ ಒಂದಿಷ್ಟು ಇನ್ನೂ ಆ ಕಾಂಟ್ರ್ಯಾಕ್ಟರ್ ಹತ್ತಿರವೇ ಇದೆ. ರಾಜ್ಯದ ಗ್ರಾಹಕ ವ್ಯವಹಾರಗಳ ವಿಭಾಗಕ್ಕೆ ದೂರು ಕೊಟ್ಟಿದ್ದೇವೆ, ಅದು ನಡೆಯುತ್ತಿದೆ. ಕೆಲಸದ ದಿನವೇ ತೆಗೆದ ಫೋಟೋ, ಆತ ಕಳಿಸಿದ ಮೆಸೇಜ್, ಮಣ್ಣಿನ ವರದಿ ಇದ್ದದ್ದರಿಂದ ನಮ್ಮ ದೂರಿಗೆ ಬಲ ಬಂತು. ನ್ಯೂಜೆರ್ಸಿಯಲ್ಲಿ 500 ಡಾಲರ್ ದಾಟುವ ಮನೆ ಕೆಲಸಕ್ಕೆ ಲಿಖಿತ ಒಪ್ಪಂದ ಇರಲೇಬೇಕು, ಅದರಲ್ಲಿ ಕಾಂಟ್ರ್ಯಾಕ್ಟರ್‌ನ ನೋಂದಣಿ ಸಂಖ್ಯೆ ಇರಬೇಕು, ಒಪ್ಪಂದದ ಪ್ರತಿ ಕೈಸೇರಿದ ಮೇಲೆ ಮೂರು ಕೆಲಸದ ದಿನಗಳೊಳಗೆ ರದ್ದು ಮಾಡುವ ಹಕ್ಕು ನಿಮಗಿದೆ. ಬೇರೆ ರಾಜ್ಯದವರು ನಿಮ್ಮಲ್ಲಿಯ ನಿಯಮ ನೋಡಿಕೊಳ್ಳಿ. ಸಹಿ ಹಾಕುವ ಮುಂಚೆ ಒಪ್ಪಂದದಲ್ಲಿ ಇಷ್ಟನ್ನು ಅಕ್ಷರಕ್ಕಕ್ಷರ ಬರೆಸಿ: ಪರ್ಮಿಟ್ ತೆಗೆಸುವವರು ಯಾರು, ಹಳೇ ಮರ ಯಾವುದೆಂದು ಪರೀಕ್ಷೆ ಮಾಡಿಸುವವರು ಯಾರು, ಹಲಗೆಗಳನ್ನು ಸ್ಥಳದಲ್ಲಿ ಕೊಯ್ಯದೆ ಇಡಿಯಾಗಿ ಬಿಚ್ಚಿ ಒಯ್ಯಬೇಕು, ಕೊಯ್ಯಲೇಬೇಕಾದರೆ ಟಾರ್ಪಾಲಿನ್ ಹಾಸಿ ಪುಡಿಯನ್ನೆಲ್ಲ ಚೀಲಕ್ಕೆ ತುಂಬಬೇಕು, ಮರ ಎಲ್ಲಿಗೆ ಹೋಯಿತೆಂಬ ರಸೀದಿ ಕೊಡಬೇಕು, ಮತ್ತು ಆ ರಸೀದಿ ಕೈಗೆ ಬರುವವರೆಗೆ ಕೊನೆಯ ಕಂತು ಸಿಗುವುದಿಲ್ಲ.