ಒಂದು ದಿನದ ಪೈಥಾನ್ ಕಾನ್ಫರೆನ್ಸ್: ಅದರಲ್ಲಿ ಪೈಥಾನ್ ಎಷ್ಟಿತ್ತು?

ಐದಕ್ಕೆ ಮೂರು ಸ್ಟಾರ್. ಊಟಕ್ಕೆ ಮಾತ್ರ ಆಗಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ, ವೈಫೈಗೆ ಒಂದೂ ಜಾಸ್ತಿಯೇ.

ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಮೇಲೆ ಬೆಂಗಳೂರಿನಲ್ಲಿ ನಡೆದ ಈ ಕಾರ್ಯಕ್ರಮದ ಹೆಸರು ಹಾಕುತ್ತಿಲ್ಲ. ನಡೆಸಿದವರೆಲ್ಲ ಆಫೀಸ್ ಕೆಲಸ ಮುಗಿಸಿ ರಾತ್ರಿ ಕೂತು, ಒಂದು ರೂಪಾಯಿ ತಗೊಳ್ಳದೆ ಮಾಡಿದವರು. ಅವರ ಹೆಸರು ಹಿಡಿದು ಬೈದರೆ ಮುಂದಿನ ವರ್ಷ ಯಾರೂ ಮುಂದೆ ಬರಲ್ಲ. ಅದೂ ಅಲ್ಲದೆ ನನ್ನ ತಕರಾರು ಈ ಒಂದು ಕಾರ್ಯಕ್ರಮದ ಮೇಲಲ್ಲ. ಈಗ ಇಂಥ ಎಲ್ಲ ಕಡೆಯೂ ಇದೇ ಕಥೆ: ಬೋರ್ಡಿನ ಮೇಲೆ ಪೈಥಾನ್ ಅಂತಿರುತ್ತದೆ, ಒಳಗೆ ಬೆಳಿಗ್ಗೆಯಿಂದ ಸಂಜೆವರೆಗೆ, ಹೇಳಿದ ಕೆಲಸವನ್ನು ತಾವೇ ಹಂತ ಹಂತವಾಗಿ ಮಾಡುವ ಎಐ ಏಜೆಂಟ್‌ಗಳ ಭಜನೆ.

ಸುಮ್ನೆ ಹೇಳುತ್ತಿಲ್ಲ. ದೊಡ್ಡ ಹಾಲ್‌ನಲ್ಲಿ ಊಟಕ್ಕೆ ಮುಂಚಿನ ಭಾಷಣಗಳಲ್ಲಿ ಒಂದನ್ನು ಬಿಟ್ಟರೆ ಉಳಿದವೆಲ್ಲ ಅದೇ. ಏಜೆಂಟ್ ಅಂದರೇನು, ವೆಕ್ಟರ್ ಡೇಟಾಬೇಸ್ ಯಾಕೆ ಬೇಕು, ನಮ್ಮ ಕಂಪನಿಯ ಪ್ಲಾಟ್‌ಫಾರ್ಮ್‌ನಲ್ಲಿ ಇದೆಲ್ಲ ಎಷ್ಟು ಸಲೀಸು. ಸ್ಲೈಡ್‌ನಲ್ಲಿ ಬಾಣಗಳು, ಡಬ್ಬಿಗಳು, ಲೋಗೋಗಳು. ಕೋಡ್ ಅಂತ ಕಂಡಿದ್ದು ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಕೋಡ್, ಎಳೆದುಕೊಳ್ಳುವ ಎರಡು ಸಾಲು ಇಂಪೋರ್ಟ್. ಡೆಮೊ ಮೊದಲೇ ರೆಕಾರ್ಡ್ ಮಾಡಿ ತಂದಿದ್ದು. ಆ ಭಾಷಣದಲ್ಲಿ ಪೈಥಾನ್ ಅನ್ನೋ ಪದ ತೆಗೆದು ಜಾವಾಸ್ಕ್ರಿಪ್ಟ್ ಅಂತ ಹಾಕಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎಐ ಪ್ರಪಂಚ ಓಡುತ್ತಿರೋದೇ ಪೈಥಾನ್ ಮೇಲೆ ಅಲ್ವಾ ಅಂತ ನೀವು ಕೇಳಬಹುದು. ನಿಜ. ಹಾಗಾದರೆ ಅದನ್ನೇ ಹೇಳಿ. ನಿಧಾನದ ಭಾಷೆ ಅಂತ ಎಲ್ಲರೂ ಆಡಿಕೊಳ್ಳುವ ಪೈಥಾನ್ ಇಷ್ಟು ಭಾರದ ಲೆಕ್ಕ ಹೇಗೆ ಮಾಡುತ್ತದೆ? ಲೆಕ್ಕಕ್ಕೆ ಬಳಸುವ ನಂಪೈ, ಪೈಟಾರ್ಚ್ ಲೈಬ್ರರಿಗಳ ಒಳಗೆ ನಿಜವಾದ ದುಡಿಮೆ ವೇಗದ ಭಾಷೆಗಳಾದ ಸಿ, ಸಿ ಪ್ಲಸ್ ಪ್ಲಸ್ ಕೋಡ್‌ನದ್ದು, ಪೈಥಾನ್ ಮೇಲೆ ಕೂತು ಆರ್ಡರ್ ಕೊಡುತ್ತದೆ ಅನ್ನೋದನ್ನು ಅರ್ಧ ಗಂಟೆ ಬಿಡಿಸಿ ತೋರಿಸಿದ್ದರೆ ಕೂತ ಹುಡುಗರಿಗೆ ಏನೋ ಸಿಗುತ್ತಿತ್ತು. ಯಾರೂ ಆ ಕಡೆ ಹೋಗಲಿಲ್ಲ.

ಪ್ರಾಯೋಜಕರಿಗೆ ಭಾಷಣದ ಜಾಗ ಕೊಡೋದು ತಪ್ಪಲ್ಲ. ಹಾಲ್ ಬಾಡಿಗೆ ಯಾರು ಕೊಡುತ್ತಾರೆ? ಆದರೆ ವೇಳಾಪಟ್ಟಿಯಲ್ಲಿ ಅದರ ಪಕ್ಕ "ಪ್ರಾಯೋಜಿತ" ಅಂತ ಬರೆಯಿರಿ. ಬೇಕಾದವರು ಕೂರುತ್ತಾರೆ, ಬೇಡದವರು ಕಾಫಿಗೆ ಹೋಗುತ್ತಾರೆ.

ಬೈದಿದ್ದು ಸಾಕು. ಆ ಬಿಟ್ಟಿದ್ದ ಒಂದು ಭಾಷಣ ಜಿಐಎಲ್ (ಗ್ಲೋಬಲ್ ಇಂಟರ್‌ಪ್ರಿಟರ್ ಲಾಕ್) ಅನ್ನೋ ಪೈಥಾನ್ ಒಳಗಿನ ಬೀಗದ ಬಗ್ಗೆ. ಪೈಥಾನ್ ಬರೆಯುವವರಿಗೆಲ್ಲ ಈ ಹೆಸರು ಗೊತ್ತು, ಒಳಗೆ ಇಣುಕಿದವರು ಕಡಿಮೆ. ಎಷ್ಟು ಥ್ರೆಡ್ (ಒಂದೇ ಪ್ರೋಗ್ರಾಂ ಒಳಗೆ ಒಟ್ಟಿಗೆ ಸಾಗುವ ಕೆಲಸದ ಎಳೆಗಳು) ಹಾಕಿದರೂ ಓಡುತ್ತಿರುವ ಒಂದು ಪ್ರೋಗ್ರಾಂ‌ನಲ್ಲಿ ಒಂದು ಸಲಕ್ಕೆ ಒಂದೇ ಥ್ರೆಡ್ ಪೈಥಾನ್ ಕೋಡ್ ಓಡಿಸಬಹುದು. ಕೂಡು ಕುಟುಂಬದ ಮನೆಯಲ್ಲಿ ಒಂದೇ ಬಚ್ಚಲು ಇದ್ದ ಹಾಗೆ: ಹದಿನಾರು ಜನ ಟವೆಲ್ ಹಿಡಿದು ನಿಂತಿದ್ದರೂ ಒಳಗೆ ಇರೋದು ಒಬ್ಬರೇ. ಈ ಬೀಗ ಯಾಕಿದೆ ಅಂತ ಭಾಷಣಕಾರರು ಚೆನ್ನಾಗಿ ಬಿಡಿಸಿದರು. ಪೈಥಾನ್‌ನ ಪ್ರತಿ ಆಬ್ಜೆಕ್ಟ್, ಅಂದರೆ ಪ್ರೋಗ್ರಾಂ ಹಿಡಿದಿಟ್ಟ ಪ್ರತಿ ಸಂಖ್ಯೆ, ಪಠ್ಯ, ಪಟ್ಟಿ, ತನ್ನನ್ನು ಎಷ್ಟು ಕಡೆ ಬಳಸುತ್ತಿದ್ದಾರೆ ಅನ್ನೋ ಲೆಕ್ಕ ಇಟ್ಟುಕೊಂಡಿರುತ್ತದೆ, ಲೆಕ್ಕ ಸೊನ್ನೆಗೆ ಬಂದರೆ ಮೆಮೊರಿ ಬಿಟ್ಟುಕೊಡುತ್ತದೆ. ಎರಡು ಥ್ರೆಡ್ ಒಟ್ಟಿಗೆ ಆ ಲೆಕ್ಕಕ್ಕೆ ಕೈ ಹಾಕಿದರೆ ಲೆಕ್ಕ ತಪ್ಪುತ್ತದೆ, ಪ್ರೋಗ್ರಾಂ ಬೀಳುತ್ತದೆ. ಅದಕ್ಕೇ ಒಂದು ದೊಡ್ಡ ಬೀಗ. ಸ್ಯಾಮ್ ಗ್ರಾಸ್ ಬರೆದ ಪೆಪ್ 703 ಅನ್ನೋ ಪೈಥಾನ್ ಸುಧಾರಣೆಯ ಪ್ರಸ್ತಾವ ಈ ಲೆಕ್ಕ ಇಡುವ ರೀತಿಯನ್ನೇ ಬದಲಿಸಿತು. 2024ರ ಅಕ್ಟೋಬರ್‌ನಲ್ಲಿ ಬಂದ ಪೈಥಾನ್ ಆವೃತ್ತಿ 3.13ರಲ್ಲಿ ಬೀಗ ಇಲ್ಲದ ಪೈಥಾನ್ ಪ್ರಯೋಗಕ್ಕೆ ಅಂತ ಸಿಕ್ಕಿತು, ಒಂದು ವರ್ಷದ ನಂತರದ 3.14ರಲ್ಲಿ "ಪ್ರಯೋಗ" ಅನ್ನೋ ಹಣೆಪಟ್ಟಿ ಹೋಯಿತು. ಹಾಗಂತ ನೀವು ಇಳಿಸಿಕೊಳ್ಳುವ ಮಾಮೂಲಿ ಪೈಥಾನ್‌ನಲ್ಲಿ ಬೀಗ ಇನ್ನೂ ಇದೆ, ಬೀಗ ಇಲ್ಲದ್ದು ಬೇಕಿದ್ದರೆ ಬೇರೆಯೇ ಹಾಕಿಕೊಳ್ಳಬೇಕು.

ಡೆಮೊ ಕಣ್ಣೆದುರೇ ಮಾಡಿದರು. ಅವಿಭಾಜ್ಯ ಸಂಖ್ಯೆ ಎಣಿಸುವ ಸಣ್ಣ ಪ್ರೋಗ್ರಾಂ, ನಾಲ್ಕು ಥ್ರೆಡ್. ಮಾಮೂಲಿ ಪೈಥಾನ್‌ನಲ್ಲಿ ಒಂದು ಥ್ರೆಡ್‌ಗೂ ನಾಲ್ಕಕ್ಕೂ ಹೆಚ್ಚುಕಡಿಮೆ ಅದೇ ಸಮಯ. ಬೀಗ ಇಲ್ಲದ್ದರಲ್ಲಿ ನಾಲ್ಕು ಪಟ್ಟಿನ ಹತ್ತಿರ ವೇಗ. ಹಾಲ್‌ನಲ್ಲಿ ಚಪ್ಪಾಳೆ. ಆಮೇಲೆ ಅವರು ಒಂದು ಹಳೇ ಸಿ ಲೈಬ್ರರಿಯನ್ನು ಇಂಪೋರ್ಟ್ ಮಾಡಿ ಅದೇ ಪ್ರೋಗ್ರಾಂ ಓಡಿಸಿದರು, ವೇಗ ಮಾಯ! ನನಗೆ ಬೀಗ ಬೇಡ ಅಂತ ಲೈಬ್ರರಿ ಹೇಳಿಕೊಂಡಿಲ್ಲದಿದ್ದರೆ ಪೈಥಾನ್ ಒಂದು ಎಚ್ಚರಿಕೆ ತೋರಿಸಿ ಬೀಗವನ್ನು ಮತ್ತೆ ಹಾಕಿಬಿಡುತ್ತದೆ. ಒಂದೇ ಥ್ರೆಡ್‌ನ ಕೆಲಸಕ್ಕೆ 3.14ರಲ್ಲೂ ಶೇ 5ರಿಂದ 10ರಷ್ಟು ವೇಗ ಕಡಿಮೆ ಆಗುತ್ತದೆ ಅನ್ನೋದನ್ನೂ ಮುಚ್ಚಿಡಲಿಲ್ಲ. "ನಾಳೆ ಬೆಳಿಗ್ಗೆಯೇ ಪ್ರೊಡಕ್ಷನ್‌ಗೆ (ಜನ ಬಳಸುತ್ತಿರುವ ಸಿಸ್ಟಂಗೆ) ಹಾಕಬೇಡಿ, ಮೊದಲು ನಿಮ್ಮ ಲೈಬ್ರರಿಗಳ ಪಟ್ಟಿ ತೆಗೆದು ನೋಡಿ" ಅಂದರು. ಮಾರೋಕೆ ಏನೂ ಇಲ್ಲದವರು ಹೀಗೆ ಮಾತಾಡುತ್ತಾರೆ.

ಊಟದ ಬಗ್ಗೆ ಎರಡು ಮಾತು. ಬಿಸಿಬೇಳೆ ಬಾತ್, ಬೂಂದಿ, ಮೊಸರನ್ನ, ಹೋಳಿಗೆ. ಪ್ಯಾಕೆಟ್ ಸ್ಯಾಂಡ್‌ವಿಚ್ ಕೊಟ್ಟು ಕೈತೊಳೆಯುವ ಕಾಲದಲ್ಲಿ ಇದು ದೊಡ್ಡದು. ಸಾಲು ಉದ್ದ ಇತ್ತು, ಆದರೆ ಬಡಿಸುವವರು ಚುರುಕಾಗಿದ್ದರು. ಟೀ ಮಾತ್ರ ಬರೀ ಸಕ್ಕರೆ ನೀರು.

ಜಾಗ ವೈಟ್‌ಫೀಲ್ಡ್ ಕಡೆ. ನೇರಳೆ ಮೆಟ್ರೊ ಅಲ್ಲಿವರೆಗೂ ಇರೋದರಿಂದ ತೊಂದರೆ ಇಲ್ಲ, ಕಾರು ತಂದವರು ಪಾರ್ಕಿಂಗ್‌ಗೆ ಒದ್ದಾಡಿದರು. ಹಾಲ್‌ನಲ್ಲಿ ಎಸಿ ಅತಿ ಚಳಿ. ಪ್ಲಗ್ ಪಾಯಿಂಟ್ ಗೋಡೆ ಪಕ್ಕದವರಿಗೆ ಮಾತ್ರ. ವೈಫೈ ಹತ್ತು ಗಂಟೆಗೇ ಸತ್ತಿತ್ತು. ಇನ್ನು ಪ್ರಾಯೋಜಕರ ಸ್ಟಾಲ್‌ಗಳಲ್ಲಿ ಒಂದು ಸ್ಟಿಕರ್‌ಗೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಫೋನ್ ನಂಬರ್, ಕಂಪನಿ, ಅನುಭವ ಎಷ್ಟು ವರ್ಷ ಎಲ್ಲ ತುಂಬಬೇಕು. ಮರುದಿನದಿಂದ ಕರೆಗಳು ಶುರು. ಸ್ಟಿಕರ್ ಬೇಡ ಗುರು ಅಂತ ಬಂದುಬಿಡಿ.

ವೈಫೈ ಸತ್ತಿದ್ದು ಒಂದು ಕಡೆ ಒಳ್ಳೆಯದಕ್ಕೇ ಆಯಿತು. ಯುವಿ ಅನ್ನೋ ಟೂಲ್ ಮೇಲೆ ಕಾರ್ಯಾಗಾರ ಇತ್ತು. ಲೈಬ್ರರಿ ಇಳಿಸೋಕೆ ಪಿಪ್, ಪ್ರಾಜೆಕ್ಟ್‌ಗೊಂದು ಪ್ರತ್ಯೇಕ ಜಾಗಕ್ಕೆ ವರ್ಚುವಲ್ ಎನ್ವಿರಾನ್‌ಮೆಂಟ್, ಬೇಕಾದ ಲೈಬ್ರರಿಗಳ ಪಟ್ಟಿಗೆ ರಿಕ್ವೈರ್‌ಮೆಂಟ್ಸ್ ಫೈಲ್ ಅಂತ ನಾಲ್ಕಾರು ಕಡೆ ಪರದಾಡುವ ಬದಲು ಎಲ್ಲವನ್ನೂ ಒಂದೇ ಟೂಲ್ ನೋಡಿಕೊಳ್ಳುತ್ತದೆ, ಪೈಥಾನ್‌ನ ಬೇರೆ ಬೇರೆ ಆವೃತ್ತಿಗಳನ್ನೂ ಅದೇ ಇಳಿಸಿಕೊಡುತ್ತದೆ. ಆಸ್ಟ್ರಲ್ ಕಂಪನಿ 2024ರ ಫೆಬ್ರವರಿಯಲ್ಲಿ ಬಿಟ್ಟಿದ್ದು, ಬರೆದಿರೋದು ರಸ್ಟ್ ಅನ್ನೋ ಇನ್ನೊಂದು ಭಾಷೆಯಲ್ಲಿ. ಪೈಥಾನ್ ಜನ ಈಗ ರಸ್ಟ್‌ನವರ ಕೈಯಲ್ಲಿ ಪೈಥಾನ್ ಇನ್‌ಸ್ಟಾಲ್ ಮಾಡಿಸುತ್ತಿದ್ದಾರೆ, ಇರಲಿ. ನಡುವೆ ನೆಟ್ ಹೋಯಿತು. ಹೇಳಿಕೊಡುತ್ತಿದ್ದವರು ಗಾಬರಿಯಾಗದೆ ಆಫ್‌ಲೈನ್ ಆಯ್ಕೆ ಹಾಕಿ, ಒಮ್ಮೆ ಇಳಿಸಿಕೊಂಡಿದ್ದನ್ನು ಯುವಿ ತನ್ನ ಕ್ಯಾಶ್‌ನಿಂದ (ಲ್ಯಾಪ್‌ಟಾಪ್‌ನಲ್ಲೇ ಕೂಡಿಟ್ಟ ಜಾಗದಿಂದ) ಹೇಗೆ ತೆಗೆಯುತ್ತದೆ ಅಂತ ತೋರಿಸಿದರು. ಹೊಸ ಪ್ರಾಜೆಕ್ಟ್ ಕಣ್ಣು ಮಿಟುಕಿಸುವುದರಲ್ಲಿ ತಯಾರು. ಆದರೆ ಕಾರ್ಯಾಗಾರಕ್ಕೆ ಕೊಟ್ಟ ಕೋಣೆ ಚಿಕ್ಕದು, ಅರ್ಧ ಜನ ಬಾಗಿಲ ಹೊರಗೆ ನಿಂತು ಕೇಳಿದರು.

ನನ್ನ ಪ್ರಕಾರ ಇಡೀ ದಿನದ ಅತ್ಯುತ್ತಮ ಭಾಷಣ ಊಟದ ನಂತರ ಸಣ್ಣ ಹಾಲ್‌ನಲ್ಲಿ ಆಯಿತು. ವಿಷಯ ಪೈಥಾನ್‌ನಲ್ಲಿ ಕನ್ನಡ ಪಠ್ಯ. ಧಾರವಾಡ ಕಡೆಯ ಯುವತಿ, ಕನ್ನಡ ಪುಸ್ತಕಗಳನ್ನು ಹುಡುಕುವ ಸಾಫ್ಟ್‌ವೇರ್ ಮೇಲೆ ಕೆಲಸ ಮಾಡುತ್ತಾರಂತೆ. ಮೊದಲ ಸ್ಲೈಡ್‌ನಲ್ಲೇ ಒಂದು ಪ್ರಶ್ನೆ: "ಮೈಸೂರು" ಪದದ ಉದ್ದ ಎಷ್ಟು? ನಮ್ಮ ಕಣ್ಣಿಗೆ ಮೂರು. ಉದ್ದ ಎಣಿಸುವ ಪೈಥಾನ್‌ನ ಲೆನ್ ಫಂಕ್ಷನ್ ಹೇಳೋದು ಆರು, ಯಾಕೆಂದರೆ ಅದು ಮ ಬೇರೆ, ಐತ್ವ ಬೇರೆ, ಸ ಬೇರೆ, ದೀರ್ಘ ಬೇರೆ ಅಂತ ಯೂನಿಕೋಡ್ (ಎಲ್ಲ ಭಾಷೆಗಳ ಲಿಪಿಗೂ ಕಂಪ್ಯೂಟರ್‌ನಲ್ಲಿ ಸಂಕೇತ ಕೊಡುವ ಪದ್ಧತಿ) ಚಿಹ್ನೆಗಳನ್ನು ಎಣಿಸುತ್ತದೆ. ಅದೇ ಪದವನ್ನು ಹಿಂದುಮುಂದು ಮಾಡಿ ಅಂದರೆ ಮೊದಲಿಗೆ ಯಾವ ಅಕ್ಷರಕ್ಕೂ ಸೇರದ ಕೊಂಬು, ಆಮೇಲೆ "ರೂಸೈಮ". ರ ಮೇಲಿನ ಕೊಂಬು ಅನಾಥವಾಯಿತು, ಸ ಮೇಲಿನ ದೀರ್ಘ ಹೋಗಿ ರ ಹಿಡಿದುಕೊಂಡಿತು.

ಇದು ತಮಾಷೆ. ಮುಂದಿನದ್ದು ಕೆಲಸಕ್ಕೆ ಕುತ್ತು ತರುವಂಥದ್ದು. ಪಠ್ಯದಿಂದ ಪದಗಳನ್ನು ಬಿಡಿಸೋಕೆ ಎಲ್ಲರೂ ರೆಗ್ಯುಲರ್ ಎಕ್ಸ್‌ಪ್ರೆಶನ್‌ನ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಬಳಸುತ್ತಾರೆ, ಅಂದರೆ ಅಕ್ಷರ, ಅಂಕಿಗಳನ್ನು ಹಿಡಿ ಅಂತ. ಪೈಥಾನ್ ಜೊತೆಗೇ ಬರುವ ಆರ್‌ಇ ಮಾಡ್ಯೂಲ್‌ಗೆ "ಕನ್ನಡ" ಕೊಟ್ಟರೆ ಅದು ಒತ್ತಕ್ಷರ ಕೂಡಿಸುವ ಅರ್ಧಾಕ್ಷರದ ಚಿಹ್ನೆಯ (್) ಹತ್ತಿರ ಕತ್ತರಿಸಿ "ಕನ", "ನಡ" ಅಂತ ಎರಡು ಪದ ವಾಪಸ್ ಕೊಡುತ್ತದೆ. ಇಂಗ್ಲಿಷ್‌ಗೆ ಬರೆದ ಕೋಡನ್ನು ಹಾಗೇ ತಂದು ಕನ್ನಡದ ಮೇಲೆ ಓಡಿಸಿ, ಪದಗಳ ಎಣಿಕೆ ಅಂತ ವರದಿ ಕೊಟ್ಟವರು ಎಷ್ಟು ಜನ ಇರಬಹುದು! ಆಮೇಲೆ ಕೋಲಾರ. ಇದರ ಮೊದಲ ಅಕ್ಷರದ ಓತ್ವವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಮೂರು ತುಂಡು ಜೋಡಿಸಿಯೂ ಬರೆಯಬಹುದು. ನೋಡೋಕೆ ಎರಡೂ ಒಂದೇ. ಪೈಥಾನ್‌ಗೆ ಒಂದರ ಉದ್ದ ಐದು, ಇನ್ನೊಂದರದ್ದು ಏಳು, ಎರಡೂ ಸಮವೇ ಅಂದರೆ ಅಲ್ಲ ಅನ್ನುತ್ತದೆ. ಯೂನಿಕೋಡ್‌ಡೇಟಾ ಮಾಡ್ಯೂಲ್‌ನ ನಾರ್ಮಲೈಸ್ ಒಮ್ಮೆ ಓಡಿಸಿ ಎರಡನ್ನೂ ಒಂದೇ ರೂಪಕ್ಕೆ ತಂದರೆ ಈ ಜಗಳ ಮುಗಿಯುತ್ತದೆ. ಆದರೆ ಅರ್ಧಾಕ್ಷರದ ನಂತರ ನಾವು ಟೈಪ್ ಮಾಡುವ, ಕಣ್ಣಿಗೆ ಕಾಣದ ಆ ಜೋಡಣೆ ತಡೆಯುವ ಚಿಹ್ನೆ ಅದಕ್ಕೂ ಹೋಗಲ್ಲ, ಅದನ್ನು ನಾವೇ ನೋಡಿಕೊಳ್ಳಬೇಕು. ಒತ್ತಕ್ಷರ ಇಲ್ಲದ ಪದಗಳಲ್ಲಿ ಅಕ್ಷರ ಎಣಿಸೋಕೆ ಪ್ರತ್ಯೇಕವಾಗಿ ಇನ್‌ಸ್ಟಾಲ್ ಮಾಡುವ ರೆಜೆಕ್ಸ್ ಮಾಡ್ಯೂಲ್‌ನ ಬ್ಯಾಕ್‌ಸ್ಲ್ಯಾಶ್ ಎಕ್ಸ್ ಬಳಸಿ ಅಂದರು.

ಪೈಥಾನ್‌ಗೆ ಶಹಬ್ಬಾಸ್ ಕೊಡುವ ಜಾಗದಲ್ಲಿ ಕೊಟ್ಟರು ಕೂಡ. ಪಠ್ಯವನ್ನು ಸಂಖ್ಯೆ ಮಾಡುವ ಇಂಟ್ ಫಂಕ್ಷನ್‌ಗೆ ಕನ್ನಡ ಅಂಕಿಯಲ್ಲಿ ೨೦೨೫ ಕೊಟ್ಟರೆ ಅದು ಸದ್ದಿಲ್ಲದೆ 2025 ಅಂತ ತಗೊಳ್ಳುತ್ತದೆ. ಹಾಲ್‌ನಲ್ಲಿ ಬಹಳ ಜನಕ್ಕೆ ಇದು ಗೊತ್ತಿರಲಿಲ್ಲ, ಅಲ್ಲೇ ಲ್ಯಾಪ್‌ಟಾಪ್ ತೆಗೆದು ಪರೀಕ್ಷೆ ಮಾಡಿದರು. ಭಾಷಣ ಇಂಗ್ಲಿಷ್‌ನಲ್ಲಿತ್ತು. ಕೊನೆಗೆ ಹಾಸನದಿಂದ ಬಂದ ವಿದ್ಯಾರ್ಥಿಯೊಬ್ಬ ಇಂಗ್ಲಿಷ್‌ನಲ್ಲಿ ತಡವರಿಸುತ್ತಾ ಪ್ರಶ್ನೆ ಶುರು ಮಾಡಿದ. "ಕನ್ನಡದಾಗ ಕೇಳ್ರಿ, ಪರವಾಗಿಲ್ಲ" ಅಂದರು. "ಮೇಡಂ, ಒತ್ತಕ್ಷರ ಬಿಟ್ಟು ಟೈಪ್ ಮಾಡಿದರೂ ಪುಸ್ತಕ ಸಿಗೋ ಹಾಗೆ ಮಾಡಬಹುದಾ?" ಅಂತ ಕೇಳಿದ. ಅವತ್ತಿನ ಒಳ್ಳೇ ಪ್ರಶ್ನೆ ಅದೇ, ಉತ್ತರ ಕಾರಿಡಾರ್‌ನಲ್ಲಿ ನಿಂತು ಅರ್ಧ ಗಂಟೆ ಎಳೆಯಿತು.

ಈ ಭಾಷಣವನ್ನು ಸಣ್ಣ ಹಾಲ್‌ಗೆ ತಳ್ಳಿ, ದೊಡ್ಡ ಹಾಲ್‌ನಲ್ಲಿ ಅದೇ ಹೊತ್ತಿಗೆ ಇನ್ನೊಂದು ಏಜೆಂಟ್ ಪುರಾಣ ಇಟ್ಟಿದ್ದರಲ್ಲ, ಅದಕ್ಕೇ ನಾನು ಎರಡು ಸ್ಟಾರ್ ಕಿತ್ತುಕೊಂಡಿದ್ದು. ಭಾರತದ ಮೊದಲ ಪೈಕಾನ್ (ಪೈಥಾನ್ ಸಮ್ಮೇಳನ) 2009ರಲ್ಲಿ ನಡೆದಿದ್ದು ಇದೇ ಊರಿನ ಐಐಎಸ್‌ಸಿಯಲ್ಲಿ. ಇಲ್ಲಿ ಪೈಥಾನ್ ಬಲ್ಲವರಿಗೆ ಬರ ಇಲ್ಲ. ಆಯ್ಕೆ ಮಾಡುವವರು ಭಾಷಣದ ಸಾರಾಂಶ ಓದುವಾಗ, ಇದರಿಂದ ಪೈಥಾನ್ ತೆಗೆದರೆ ಏನು ಉಳಿಯುತ್ತದೆ ಅಂತ ಒಮ್ಮೆ ಕೇಳಿಕೊಂಡರೆ ಸಾಕು.

ಕೊನೆಯ ಐದೈದು ನಿಮಿಷದ ಮಿಂಚಿನ ಭಾಷಣಗಳಿಗೆ ಅರ್ಧ ಜನ ಮನೆಗೆ ಹೋಗಿದ್ದರು, ಲುಕ್ಸಾನು ಅವರಿಗೇ. ಶಿವಮೊಗ್ಗದ ಹುಡುಗನೊಬ್ಬ ಎಪಿಎಂಸಿ ಅಡಿಕೆ ದರ ದಿನಾ ತೆಗೆದು ಅಪ್ಪನ ವಾಟ್ಸಾಪ್‌ಗೆ ಕಳಿಸುವ ಸ್ಕ್ರಿಪ್ಟ್ ತೋರಿಸಿದ. ರಾಶಿ, ಬೆಟ್ಟೆ, ಸರಕು, ಗೊರಬಲು ಹೆಸರುಗಳನ್ನು ಇಂಗ್ಲಿಷ್‌ನಲ್ಲಿ ಒಂದೊಂದು ಕಡೆ ಒಂದೊಂದು ಸ್ಪೆಲಿಂಗ್‌ನಲ್ಲಿ ಬರೆದಿರುತ್ತಾರಂತೆ, ಕೋಡ್‌ನಲ್ಲಿ ಮುಕ್ಕಾಲು ಪಾಲು ಅದನ್ನು ಸರಿ ಮಾಡೋಕೇ ಹೋಗಿದೆ. ದಿನದಲ್ಲಿ ಜಾಸ್ತಿ ನಗು ಬಂದಿದ್ದು ಅಲ್ಲೇ.

ಹೋಗಬೇಕಾ? ಪೈಥಾನ್ ಬರೆಯೋಕೆ ಶುರು ಮಾಡಿ ಒಂದೆರಡು ವರ್ಷ ಆಗಿದ್ದರೆ ಹೋಗಿ. ದುಡ್ಡಿಗೆ ಮೋಸ ಇಲ್ಲ. ಈಗಷ್ಟೇ ಕಲಿಯುತ್ತಿರುವವರಿಗೆ ಮಿಂಚಿನ ಭಾಷಣ, ಕಾರ್ಯಾಗಾರ ಬಿಟ್ಟರೆ ಉಳಿದದ್ದು ತಲೆ ಮೇಲೆ ಹೋಗುತ್ತದೆ. ಬರೀ ಕೆಲಸ ಹುಡುಕೋಕೆ ಹೋಗುವವರು ರೆಸ್ಯೂಮೆಯ ಪ್ರಿಂಟ್ ತಗೊಂಡು ಹೋಗುವ ಅಗತ್ಯ ಇಲ್ಲ, ಸ್ಟಾಲ್‌ನವರು ಕಾಗದ ಮುಟ್ಟಲ್ಲ. ವಿದ್ಯಾರ್ಥಿಗಳಿಗೆ ಟಿಕೆಟ್‌ನಲ್ಲಿ ರಿಯಾಯಿತಿ ಇದೆ, ಕಾಲೇಜಿನ ಐಡಿ ಕಾರ್ಡ್ ಬಾಗಿಲಲ್ಲೇ ಕೇಳುತ್ತಾರೆ. ಸ್ವೆಟರ್ ಇರಲಿ, ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಆಗಿರಲಿ, ಕಾರ್ಯಾಗಾರಕ್ಕೆ ಬೇಕಾದ್ದನ್ನೆಲ್ಲ ಮನೆಯಲ್ಲೇ ಇಳಿಸಿಕೊಂಡು ಹೋಗಿ.